ಇಡೀ ದೇಶಕ್ಕೆ ಒಂದೇ ಮಳೆಗಾಲವೇ?

ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಅಲ್ಲಿ ನೆಲೆಸಿರುವ ನಮ್ಮ ಕಡೆಯವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರಬೇಕೆಂದರೆ ಅದೇ ಹೊತ್ತು. ಮಾರ್ಚ್ ಬಂತೆಂದರೆ ಫೋನು ಶುರು: ‘ಮಾವ, ಟಿಕೆಟ್ ಮಾಡಿಸ್ಲಾ? ಆಗ ಮಳೆಗಾಲ ಅಲ್ವಾ, ಮಕ್ಕಳಿಗೆ ಕಷ್ಟ ಆಗುತ್ತೇನೋ?’ ಚಳ್ಳಕೆರೆಯಲ್ಲಿ ಕೂತವನು ಇದಕ್ಕೆ ಏನು ಹೇಳಬೇಕು? ‘ಮಳೇನಾ? ಬರೋವಾಗ ನೀನೇ ಒಂದಿಷ್ಟು ತಗಂಬಾ ಕಣಪ್ಪ’ ಎನ್ನಬೇಕಷ್ಟೆ.

ಭಾರತ ಉಷ್ಣವಲಯದ ದೇಶ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೋಗುವುದಾದರೆ ದಸರಾ ಕಳೆದ ಮೇಲೆ ಹೋಗಿ ಎನ್ನುವುದು ಪ್ರವಾಸದ ಮಾಮೂಲಿ ಸಲಹೆ. ಮಂಗಳೂರಿಗೆ, ಮಡಿಕೇರಿಗೆ ಅದು ಸರಿ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಮಟ್ಟಿಗೆ ಮಾತ್ರ ತಲೆಕೆಳಗು.

ಜೂನ್ 1ರ ಸುಮಾರಿಗೆ ಕೇರಳ ಮುಟ್ಟುವ ಮುಂಗಾರು ಘಟ್ಟ ಹತ್ತುವಾಗಲೇ ತನ್ನ ಹೊರೆಯನ್ನೆಲ್ಲ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ. ಅಲ್ಲಿಂದ ಶಿವಮೊಗ್ಗ, ಚಿತ್ರದುರ್ಗ ದಾಟಿ ಇನ್ನೂರು ಚಿಲ್ಲರೆ ಕಿ.ಮೀ. ಬಂದರೆ ಚಳ್ಳಕೆರೆ. ಇಲ್ಲಿ ವರ್ಷವಿಡೀ ಬಿದ್ದದ್ದು 500 ಮಿ.ಮೀ. ದಾಟಿದರೆ ಒಳ್ಳೆಯ ವರ್ಷ. ಪುನರ್ವಸು, ಪುಷ್ಯ ಮಳೆಗೆ ಮಲೆನಾಡಿನವರು ಹೊರಗೆ ಕಾಲಿಡಲಾರದ ಜುಲೈನಲ್ಲಿ ನಮಗೆ ಸಿಗುವುದು ಆಷಾಢದ ಗಾಳಿ, ನಿಲ್ಲದೆ ಓಡುವ ಮೋಡ, ಎಲ್ಲೋ ಒಂದು ತುಂತುರು. ಏಪ್ರಿಲ್‌ನಲ್ಲಿ ಕಾದ ಹೆಂಚಿನಂತಿದ್ದ ಬಂಡೆಗಳು ಆಗ ಕೈಯಿಟ್ಟರೆ ತಣ್ಣಗಿರುತ್ತವೆ. ಬೆಟ್ಟ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಮ್ಮ ನಿಜವಾದ ಮಳೆ ಉತ್ತರಾ, ಹಸ್ತ, ಚಿತ್ತಾ. ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ಮಳೆಗಾಲ ಮುಗಿಯಿತೆಂದು ಬೆಂಗಳೂರಿನವರು ದಸರಾ ರಜೆಗೆ ಕಾರು ಹೊರಡಿಸುವ ಹೊತ್ತಿಗೆ ಇಲ್ಲಿ ಹಳ್ಳ ಬರುತ್ತದೆ. ಬೆಳಿಗ್ಗೆ ಬರೀ ಮರಳಿದ್ದ ಹಳ್ಳ ಸಂಜೆಗೆ ದಾರಿ ಕಟ್ಟಿರುತ್ತದೆ.

ಮಳೆಯಲ್ಲಿ ತಿರುಗಾಟ ಬೇಡವೆಂಬುದೇನೋ ಹಳೆಯ ವಿವೇಕ. ಬೌದ್ಧ ಭಿಕ್ಷುಗಳು ವರ್ಷಾವಾಸಕ್ಕೆ ಒಂದೆಡೆ ನಿಲ್ಲುತ್ತಿದ್ದರು. ಜೈನ ಮುನಿಗಳು, ಮಠದ ಸ್ವಾಮಿಗಳು ಇಂದಿಗೂ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಆದರೆ ಆ ನಿಯಮ ಹುಟ್ಟಿದ್ದು ಗಂಗೆಯ ಬಯಲಿನ ಮಳೆ ನೋಡಿ. ಸೋಜಿಗವೆಂದರೆ, ಈ ದೇಶದ ಅತಿ ಹಳೆಯ ಪ್ರಯಾಣದ ಲೆಕ್ಕವೊಂದು ಇರುವುದು ಮಳೆ ಕಡಿಮೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆಯಲ್ಲಿ 256 ಎಂಬ ಸಂಖ್ಯೆಯಿದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂದು ಹಲವು ವಿದ್ವಾಂಸರು ಓದುತ್ತಾರೆ. ವರ್ಷದಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು ಮೂರೂವರೆ ತಿಂಗಳು, ಸರಿಸುಮಾರು ಒಂದು ಮಳೆಗಾಲ! ಇದು ನನ್ನ ಲೆಕ್ಕದ ತಮಾಷೆ, ಇತಿಹಾಸವಲ್ಲ. ಶಾಸನ ಬರೆದ ಚಪಡ ತನ್ನ ಕಸುಬಿನ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅಷ್ಟು ದೂರದ ನಂಟಿದ್ದ ಆತ ಯಾವ ಮಳೆ ನಕ್ಷತ್ರದಲ್ಲಿ ಇತ್ತ ಹೊರಟನೋ.

ಇಷ್ಟೆಲ್ಲ ಹೇಳಿ ಜುಲೈನಲ್ಲಿ ಬನ್ನಿ ಎಂದು ಕರೆಯುವಾಗ ನನಗೊಂದು ಮುಜುಗರವೂ ಇದೆ. ಪ್ರವಾಸಿಗೆ ‘ಹವಾ ಚೆನ್ನಾಗಿದೆ’ ಅನ್ನಿಸುವ ದಿನವೇ ಶೇಂಗಾ ಬಿತ್ತಿದವನಿಗೆ ಕೆಟ್ಟ ದಿನ. ಬಿತ್ತಿದ ಬೀಜ ಮೊಳೆತು, ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲದಲ್ಲಿ ಉಳಿಯುವುದು ದನದ ಮೇವು ಮಾತ್ರ. ಎಣ್ಣೆ ಗಿರಣಿಗಳಿಂದ ಹೆಸರಾದ ಊರು ಇದು. ಇಲ್ಲಿನ ವ್ಯಾಪಾರವೆಲ್ಲ ಆ ಕಾಯಿಯ ಮೇಲೆ ನಿಂತಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಕಷ್ಟ ಇದಕ್ಕೆ ತದ್ವಿರುದ್ಧ: ಜೋರು ಮಳೆ ಹಿಡಿದರೆ ಗುಂಡಿ ಮಗ್ಗಕ್ಕೆ ನೀರು ಬಂದು ಕೆಲಸ ನಿಲ್ಲುತ್ತದೆ. ಒಂದೇ ಬೀದಿಯಲ್ಲಿ ಒಬ್ಬ ಮುಗಿಲು ನೋಡಿ ಕೈಮುಗಿದರೆ ಇನ್ನೊಬ್ಬ ನೆಲ ನೋಡುತ್ತಾನೆ.

ನಮ್ಮವರಿಗೆ ಮಳೆಯೇ ಪ್ರವಾಸವಾದದ್ದೂ ಉಂಟು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಹರಿಯಿತು; 1933ರ ಮೇಲೆ ಅದೇ ಮೊದಲು. ಕೋಡಿ ನೀರು ನೋಡಲು ಹೆಂಡತಿ, ಮಕ್ಕಳು, ಅಜ್ಜಿಯರೊಡನೆ ಹೊರಟವರಿಂದ ಅಲ್ಲಿ ಜಾತ್ರೆಯೇ ನೆರೆಯಿತು. ಯಾವ ಪ್ರವಾಸದ ಪುಸ್ತಕವೂ ಹೇಳಿ ಕಳಿಸಿದವರಲ್ಲ ಅವರು.

ಆದ್ದರಿಂದ ಹೊರಗಿನವರೇ, ನೆಂಟರೇ, ಜುಲೈ, ಆಗಸ್ಟ್‌ನಲ್ಲಿ ಧಾರಾಳವಾಗಿ ಬನ್ನಿ. ಜಟಿಂಗ ರಾಮೇಶ್ವರ ಹತ್ತಿ, ಬ್ರಹ್ಮಗಿರಿಯ ಶಾಸನ ನೋಡಿ, ಗೌರಸಮುದ್ರದ ಮಾರಮ್ಮನ ಜಾತ್ರೆಯವರೆಗೆ ಇದ್ದರೆ ಇನ್ನೂ ಒಳ್ಳೆಯದು. ಅಕ್ಟೋಬರ್‌ನಲ್ಲಿ ಬರುವುದಾದರೆ ಹಿಂದಿನ ರಾತ್ರಿಯೇ ಫೋನ್ ಮಾಡಿ, ಹಳ್ಳ ಬಂದಿದೆಯೇ ಎಂದು ಕೇಳಿ. ‘ಬಂದಿದೆ’ ಎನ್ನುವವರ ದನಿಯಲ್ಲಿ ಸಡಗರ ಕೇಳಿಸಿದರೆ ಬೇಸರ ಮಾಡಿಕೊಳ್ಳದೆ, ಟಿಕೆಟ್ಟನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಳ್ಳಿ.