ಹೊಟ್ಟೆನೋವು ಹೋಯಿತು, ಶುಗರ್ ನೋಡಿಸಿದಿರಾ?

ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದು ಬೆನ್ನಿಗೆ ಹಾಯುವ ನೋವು, ನಿಲ್ಲದ ವಾಂತಿ. ಮೇದೋಜೀರಕ ಗ್ರಂಥಿಗೆ ದಿಢೀರ್ ಬಾವು ಬಂದರೆ ಖಾನಾಪುರ ತಾಲ್ಲೂಕಿನವರು ಹಿಡಿಯುವುದು ಬೆಳಗಾವಿಯ ದೊಡ್ಡಾಸ್ಪತ್ರೆಗಳ ದಾರಿ. ಸಲೈನ್, ಸ್ಕ್ಯಾನ್, ಕೆಲವರಿಗೆ ಐಸಿಯು. ನೋವು ಇಳಿದು ಗಂಜಿ ದಕ್ಕಿತೆಂದರೆ ಮನೆಯವರ ಪಾಲಿಗೆ ಕಾಯಿಲೆ ಮುಗಿದಂತೆ. ಆದರೆ ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಿ. 24 ಅಧ್ಯಯನಗಳ ಸುಮಾರು 1,100 ರೋಗಿಗಳ ವಿವರ ಒಟ್ಟುಗೂಡಿಸಿ 2014ರಲ್ಲಿ ‘ಗಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ನೋಡಿ: ಮೊದಲ ಸಲ ಬಾವು ಬಂದವರಲ್ಲಿ ಶೇ 15ರಷ್ಟು ಮಂದಿಗೆ ವರ್ಷದೊಳಗೇ ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿತ್ತು, ಐದು ವರ್ಷಗಳ ಹೊತ್ತಿಗೆ ಅಪಾಯ ಅದರ ಎರಡೂವರೆ ಪಟ್ಟು ದಾಟಿತ್ತು. ಇನ್ನೂ ಬೆಚ್ಚಿಸುವ ಮಾತೆಂದರೆ, ಬಾವು ಜೋರಾಗಿತ್ತೋ ಸಣ್ಣದಾಗಿತ್ತೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಿರಲಿಲ್ಲ. ‘ನಮ್ಮದು ಸಣ್ಣದು, ನಾಲ್ಕೇ ದಿನಕ್ಕೆ ಮನೆಗೆ ಕಳಿಸಿದರು’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಹಾಗಾಗಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಕುಡಿತ ಬಿಡಿ, ಪಿತ್ತಕೋಶದ ಕಲ್ಲು ತೆಗೆಸಿ ಎಂಬುದರ ಜೊತೆಗೆ ಶುಗರ್ ಪರೀಕ್ಷೆಯ ತಾರೀಖೂ ಇರಬೇಕೆಂಬುದು ನನ್ನ ವಾದ. ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ; ಅಮೆರಿಕದ ಡಯಾಬಿಟಿಸ್ ಸಂಘ ಹೇಳುವುದೂ ಇದನ್ನೇ. ಆಸ್ಪತ್ರೆಯಲ್ಲಿ ಏರಿದ ಸಕ್ಕರೆಯು ಬಾವಿನ ಒತ್ತಡದಿಂದ ಬಂದದ್ದು, ತಾನೇ ಇಳಿಯುತ್ತದೆ ಎನ್ನುವವರಿದ್ದಾರೆ. ಎಷ್ಟೋ ಮಂದಿಗೆ ಇಳಿಯುತ್ತದೆ, ನಿಜ. ಇಳಿಯಿತೋ ಇಲ್ಲವೋ ಎಂದು ತಿಳಿಯಲಿಕ್ಕೇ ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕಾದದ್ದು.

ಶುಗರ್ ಈಗ ಯಾರಿಗಿಲ್ಲ, ಇವರಿಗೇ ಯಾಕೆ ಬೇರೆ ಲೆಕ್ಕ ಎಂಬ ಆಕ್ಷೇಪಕ್ಕೆ ತೂಕವಿದೆ. ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಆದರೆ ವೈದ್ಯರು ‘ಟೈಪ್ 3ಸಿ’ ಎನ್ನುವ ಈ ಬಗೆ ಮಾಮೂಲಿನದಲ್ಲ. ಗ್ರಂಥಿ ಹೆಚ್ಚು ಹಾಳಾಗಿದ್ದರೆ ಇನ್ಸುಲಿನ್ ಜೊತೆಗೆ, ಇಳಿದ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಕಡಿಮೆಯಾಗುತ್ತದೆ. ಔಷಧಿ ತುಸು ಹೆಚ್ಚಾದರೂ ಸಕ್ಕರೆ ಪಾತಾಳಕ್ಕಿಳಿಯಬಹುದು. ಜೀರ್ಣರಸ ಸಾಲದೆ ಮಲ ಜಿಡ್ಡಾಗಿ ತೇಲುವುದು, ಉಂಡರೂ ಮೈ ಇಳಿಯುವುದು ಬೇರೆ. ಹಳೆಯ ಬಾವಿನ ಸುದ್ದಿ ವೈದ್ಯರ ಕಿವಿಗೆ ಬೀಳದಿದ್ದರೆ ಇದನ್ನು ಟೈಪ್ 2 ಎಂದೇ ಬರೆದುಕೊಳ್ಳುವುದು ಸುಲಭ.

ಸರ್ಕಾರದ ತಪಾಸಣೆ ಇದೆಯಲ್ಲ ಎನ್ನಬಹುದು. ಅದು 30 ದಾಟಿದವರಿಗೆ. ಕುಡಿತದಿಂದ ಬಾವು ತಂದುಕೊಂಡ ಇಪ್ಪತ್ತೈದರ ಹುಡುಗ ಆ ಪಟ್ಟಿಗೆ ಬರುವುದಿಲ್ಲ. ಕಣಕುಂಬಿ, ಜಾಂಬೋಟಿ ಕಡೆಯವರು ಒಂದು ರಕ್ತಪರೀಕ್ಷೆಗೆಂದು ಬೆಳಗಾವಿಗೆ ಬಂದರೆ ದಿನದ ಕೂಲಿ ಹೋಯಿತು. ಖಾಲಿಹೊಟ್ಟೆಯ ಶುಗರ್ ನೋಡಲು ದೊಡ್ಡಾಸ್ಪತ್ರೆಯೇ ಬೇಕಿಲ್ಲ, ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಕಾರ್ಡಿನ ಒಂದು ಪ್ರತಿ ಅಲ್ಲಿಗೆ ತಲುಪಿದರೆ ಆಶಾ ಕಾರ್ಯಕರ್ತೆ ವರ್ಷವರ್ಷ ನೆನಪಿಸಬಲ್ಲರು. ಖಾನಾಪುರದ ಎಷ್ಟೋ ಮನೆಗಳಲ್ಲಿ ಓದುವುದು ಮರಾಠಿ. ಆ ತಾರೀಖಿನ ಸಾಲು ಕನ್ನಡದ ಜೊತೆ ಮರಾಠಿಯಲ್ಲೂ ಇರಲಿ. ಗಡಿ ತಂಟೆಯನ್ನು ಡಿಸ್ಚಾರ್ಜ್ ಕಾರ್ಡಿಗೂ ಎಳೆದು ತರುವುದು ಬೇಡ.