ಕಲರ್ ಕ್ಯಾಮೆರಾನೇ ಸಾಕು ಗುರು! (ರಾತ್ರಿ ಆಕಾಶ, ಭಾಗ 7)

ಹೋದ ವಾರದಿಂದ ನಮ್ಮ ಗ್ರೂಪಲ್ಲಿ ಒಂದೇ ಜಗಳ. ಎಲ್ಲರೂ ದುಡ್ಡು ಹಾಕಿ ಟೆಲಿಸ್ಕೋಪಿಗೆ ಒಂದು ಕ್ಯಾಮೆರಾ ತಗೋಬೇಕು. ಕಲರಾ, ಮೋನೋನಾ? ಶನಿವಾರ ವೋಟಿಂಗ್. ನನ್ನ ವೋಟು ಕಲರ್‌ಗೆ. ಕಾರಣ ಇಲ್ಲೇ ಬರೀತೀನಿ, ಗ್ರೂಪಲ್ಲಿ ಹಾಕಿದ್ರೆ ಮೀಮ್‌ಗಳ ಮಧ್ಯೆ ಕಳೆದುಹೋಗುತ್ತೆ.

ಮೊದಲು ಮೋನೋದವರ ವಾದ ಹೇಳ್ತೀನಿ, ಯಾಕಂದ್ರೆ ಅದು ಸುಳ್ಳಲ್ಲ. ಸೆನ್ಸರ್‌ಗೆ ಬಣ್ಣ ಗೊತ್ತಾಗಲ್ಲ, ಎಷ್ಟು ಬೆಳಕು ಬಿತ್ತು ಅನ್ನೋದಷ್ಟೇ ಗೊತ್ತು. ಅದಕ್ಕೇ ಕಲರ್ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಒಂದು ಪುಟ್ಟ ಫಿಲ್ಟರ್ ಕೂರಿಸಿರ್ತಾರೆ: ನಾಲ್ಕು ಪಿಕ್ಸೆಲಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ಅನ್ನೋರ ಐಡಿಯಾ ಇದು, 1976ರಲ್ಲಿ ಪೇಟೆಂಟ್ ಸಿಕ್ತು. ತೊಂದರೆ ಏನಂದ್ರೆ, ಒಂದೊಂದು ಫಿಲ್ಟರೂ ತನ್ನ ಬಣ್ಣ ಬಿಟ್ಟು ಉಳಿದದ್ದನ್ನ ತಡೆಯುತ್ತೆ. ಬಂದ ಬೆಳಕಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ಅಲ್ಲೇ ಹೋಯ್ತು. ನೆಬ್ಯುಲಾದ ಹೈಡ್ರೋಜನ್‌ನಿಂದ ಬರೋ 656 ನ್ಯಾನೋಮೀಟರ್‌ನ ಕೆಂಪು ಬೆಳಕಿಗಂತೂ ನಾಲ್ಕರಲ್ಲಿ ಒಂದೇ ಪಿಕ್ಸೆಲ್ ಕೆಲಸ ಮಾಡೋದು. ಮೋನೋದಲ್ಲಿ ನಾಲ್ಕಕ್ಕೆ ನಾಲ್ಕೂ.

ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ನಮ್ಮ ಹೊಸಕೋಟೆಯಲ್ಲಿ ಕೂತೇ ಓಡಿಸ್ತಾರೆ ಗೊತ್ತಲ್ಲ? ಅದರಲ್ಲೂ, ಹಬಲ್‌ನಲ್ಲೂ ಇರೋದು ಮೋನೋ ಸೆನ್ಸರೇ, ಮುಂದೆ ಬೇರೆ ಬೇರೆ ಫಿಲ್ಟರ್. ಅವರಿಗೆ ಬೇಕಾಗಿರೋದು ಬೆಳಕಿನ ಅಳತೆ. ನಮಗೆ ಬೇಕಾಗಿರೋದು ಏನು? ಜಗಳ ಅಲ್ಲೇ ಇರೋದು.

"ಮೋನೋ ಮೂರು ಪಟ್ಟು ಫಾಸ್ಟ್" ಅಂತಾರಲ್ಲ, ಅದು ಫಿಲ್ಟರ್ ಇಲ್ಲದೆ ಕಪ್ಪು-ಬಿಳುಪಲ್ಲಿ ನೋಡಿದಾಗ. ಬಣ್ಣ ಬೇಕು ಅಂದ್ರೆ ಮುಂದೆ ಕೆಂಪು ಫಿಲ್ಟರ್ ಹಾಕಿ ಒಂದಷ್ಟು ಹೊತ್ತು, ಆಮೇಲೆ ಹಸಿರು, ಆಮೇಲೆ ನೀಲಿ. ಆಗ ಅದೂ ಮೂರನೇ ಎರಡು ಭಾಗ ಬೆಳಕನ್ನ ಹೊರಗೇ ನಿಲ್ಲಿಸ್ತು ತಾನೇ? ನಿಜವಾದ ಲಾಭ ಬರೋದು ಫಿಲ್ಟರ್ ಇಲ್ಲದ ಫ್ರೇಮ್‌ಗಳನ್ನೂ ತೆಗೆದು ಬಣ್ಣದ ಜೊತೆ ಸೇರಿಸಿದಾಗ, ಇಲ್ಲಾ ಹೈಡ್ರೋಜನ್ ಫಿಲ್ಟರ್ ಹಾಕಿ ಗಂಟೆಗಟ್ಟಲೆ ಕೂತಾಗ. ಇದನ್ನ ಮೋನೋದವರು ಪೂರ್ತಿ ಹೇಳಲ್ಲ.

ಇನ್ನು ಲೆಕ್ಕ. ಬಿಕಾಂ ಓದ್ಕೊಂಡು ಇದನ್ನ ಬಿಡೋಕಾಗುತ್ತಾ? ಸೋನಿಯ ಐಎಂಎಕ್ಸ್ 533 ಸೆನ್ಸರ್ ಕಲರಲ್ಲೂ ಸಿಗುತ್ತೆ, ಮೋನೋದಲ್ಲೂ ಸಿಗುತ್ತೆ. ಮೋನೋಗೆ ರೇಟು ಜಾಸ್ತಿ. ಅದರ ಮೇಲೆ ಫಿಲ್ಟರ್ ಸೆಟ್, ಫಿಲ್ಟರ್ ತಿರುಗಿಸೋ ವೀಲ್. ಗ್ರೂಪಲ್ಲಿ ಬಂದಿರೋ ಕೊಟೇಷನಲ್ಲಿ ಇವೆರಡೂ ಇಲ್ಲ! ಬಾಡಿ ರೇಟು ಮಾತ್ರ ತೋರಿಸಿ ವೋಟ್ ಕೇಳೋದು ಮೋಸ ಅನ್ನಲ್ಲ, ಆದ್ರೆ ಅರ್ಧ ಲೆಡ್ಜರ್.

ದುಡ್ಡಿಗಿಂತ ದುಬಾರಿ ನಮ್ಮ ರಾತ್ರಿಗಳು. ಜೂನಿಂದ ಸೆಪ್ಟೆಂಬರ್ ತನಕ ಮಳೆಗಾಲ. ಆಮೇಲೆ ಹುಣ್ಣಿಮೆ ಹತ್ತಿರದ ದಿನಗಳನ್ನ ಕಳೀರಿ, ಎಕ್ಸಾಮ್ ಕಳೀರಿ, ಹಾಸ್ಟೆಲ್ ಟೈಮಿಂಗ್ ಕಳೀರಿ. ಉಳಿದ ಒಂದು ರಾತ್ರಿ ಕೆಂಪು, ಹಸಿರು ಮುಗಿಸಿ ನೀಲಿಗೆ ಬರೋವಾಗ ಮೋಡ ಬಂದ್ರೆ ಕಥೆ ಮುಗೀತು. ಕಲರಲ್ಲಿ ಐದು ನಿಮಿಷ ಸಿಕ್ಕರೆ ಐದು ನಿಮಿಷದ್ದು ಪೂರ್ತಿ ಚಿತ್ರ. ಧೂಮಕೇತು ಬಂದಾಗಲೂ ಹಾಗೇ, ನೀವು ಫಿಲ್ಟರ್ ಬದಲಾಯಿಸೋ ಹೊತ್ತಿಗೆ ಅದು ನಕ್ಷತ್ರಗಳ ಮಧ್ಯೆ ಸರಿದಿರುತ್ತೆ. ಗುರುಗ್ರಹ 10 ಗಂಟೆಯೊಳಗೆ ಒಂದು ಸುತ್ತು ಸುತ್ತುತ್ತೆ, ಅದೂ ನಮಗಾಗಿ ಕಾಯಲ್ಲ.

ಆದರೆ ನಾನು ಕಲರ್ ಅನ್ನೋಕೆ ದೊಡ್ಡ ಕಾರಣ ಫಸ್ಟ್ ಇಯರ್‌ನವರು. ಕಣ್ಣಿಟ್ಟು ನೋಡಿದ್ರೆ ಒರಾಯನ್ ನೆಬ್ಯುಲಾ ಬೂದು ಹೊಗೆ ಥರ ಕಾಣುತ್ತೆ. ಅಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಹತ್ತು ಹತ್ತು ಸೆಕೆಂಡಿನ ಫ್ರೇಮ್‌ಗಳು ಒಂದರ ಮೇಲೊಂದು ಸೇರ್ತಾ ಆ ಗುಲಾಬಿ ಬಣ್ಣ ಕಣ್ಣೆದುರೇ ಏಳುತ್ತಲ್ಲ, ಅದನ್ನ ಟೆರೇಸಲ್ಲಿ ಇಪ್ಪತ್ತು ಜನ ಒಟ್ಟಿಗೆ ನೋಡಬಹುದು. ಮೋನೋ ತಂದ್ರೆ ಎಡಿಟಿಂಗ್ ಬರೋ ಇಬ್ಬರು ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿರ್ತಾರೆ, ಉಳಿದವರಿಗೆ ಮೂರು ದಿನ ಆದ್ಮೇಲೆ ಫೋಟೋ ಫಾರ್ವರ್ಡ್ ಆಗುತ್ತೆ. ದುಡ್ಡು ಹಾಕಿರೋದು ಎಲ್ಲರೂ ಅಲ್ವಾ?

"ಸಿಟಿ ಲೈಟಲ್ಲಿ ಕಲರ್ ವೇಸ್ಟ್" ಅನ್ನೋರಿಗೆ: ಹೈಡ್ರೋಜನ್, ಆಕ್ಸಿಜನ್ ಎರಡರ ಬೆಳಕನ್ನ ಮಾತ್ರ ಬಿಡೋ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಒಂದು ಹಾಕಿದ್ರೆ ನೆಬ್ಯುಲಾಗಳು ಚೆನ್ನಾಗೇ ಸಿಗುತ್ತವೆ. ಗ್ಯಾಲಕ್ಸಿಗಳಿಗೆ ಅದು ಪ್ರಯೋಜನ ಇಲ್ಲ, ನಕ್ಷತ್ರಗಳ ಬೆಳಕು ಎಲ್ಲಾ ಬಣ್ಣದಲ್ಲೂ ಹರಡಿರುತ್ತೆ. ಅವಕ್ಕೆ ಊರಾಚೆ ಹೋಗ್ಲೇಬೇಕು, ಮೋನೋ ಇದ್ರೂ ಹೋಗೋದೇ ಒಳ್ಳೇದು.

ನಕ್ಷತ್ರಗಳ ಹೊಳಪು ಅಳೀಬೇಕು, ಕ್ಷುದ್ರಗ್ರಹ ಟ್ರ್ಯಾಕ್ ಮಾಡ್ಬೇಕು ಅಂತ ಸೀರಿಯಸ್ಸಾಗಿ ಇರೋರು ನಮ್ಮಲ್ಲಿ ಇದಾರೆ. ಅವರಿಗೆ ಮೋನೋನೇ ಸರಿ. ಮುಂದಿನ ವರ್ಷ ಎರಡನೇ ಕ್ಯಾಮೆರಾಗೆ ದುಡ್ಡು ಸೇರಿಸೋದಾದ್ರೆ ಮೊದಲ ಕಂತು ನಂದು.

ಮೋನೋ ಪಾರ್ಟಿಯವರು ಕಾಮೆಂಟಿಗೆ ಬನ್ನಿ. ಬರ್ತಾ ಫಿಲ್ಟರೂ ವೀಲೂ ಸೇರಿಸಿ ಪೂರ್ತಿ ಬಿಲ್ ತಗೊಂಡು ಬನ್ನಿ 😄

#ರಾತ್ರಿಆಕಾಶ #ಕಲರ್‌ಪಾರ್ಟಿ