ಕುರ್ವಕಲಾಕ್ಕೆ ಮೊದಲು ಸೇತುವೆ ಬರಲಿ



ಗೆಳೆಯರ ದಂಡು ಬೆನ್ನಿಗೆ ಚೀಲ ಏರಿಸಿಕೊಂಡು ಬಾಲಿ ದ್ವೀಪ ಸುತ್ತಿ ಬಂದ ಕಥೆಯನ್ನು ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿ ಪುಟ ತುಂಬ ಹಾಕಿತ್ತು. ಅವರು ಸುತ್ತಲಿ, ದುಡ್ಡು ಅವರದು. ತಕರಾರಿರುವುದು ಲೇಖನದ ಕೊನೆಯ ಸಲಹೆಗೆ. ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಕಥೆ ಮುಗಿದ ಮೇಲೆ ರಾಜ್ಯದಲ್ಲಿ ಅಂಥ ಜಾಗವೇ ಉಳಿದಿಲ್ಲವಂತೆ, ಆದ್ದರಿಂದ ರಾಯಚೂರಿನ ಕೃಷ್ಣಾ ನಡುಗಡ್ಡೆಗಳನ್ನು ‘ಬ್ಯಾಕ್‌ಪ್ಯಾಕರ್ ಸ್ವರ್ಗ’ ಮಾಡಬೇಕಂತೆ. ಸ್ವರ್ಗದ ದಾರಿಯನ್ನು ಆ ನಡುಗಡ್ಡೆಗಳಾದ ಕುರ್ವಕಲಾ, ಕುರ್ವಕುರ್ದಾದವರಿಗೆ ಯಾರೂ ತೋರಿಸಬೇಕಿಲ್ಲ. 2020ರ ಆಗಸ್ಟ್‌ನಲ್ಲಿ ತುಂಬಿದ ಹೊಳೆಯಲ್ಲಿ ತೆಪ್ಪ ಮಗುಚಿದಾಗ ಅವರಲ್ಲಿ ಕೆಲವರು ಆ ದಾರಿ ಹಿಡಿದೇ ಹೋದರು. ಅಲ್ಲಿನ ಸೇತುವೆ ಅರ್ಧಕ್ಕೆ ನಿಂತ ಕಥೆಯನ್ನು ನೀವೇ ಎಷ್ಟೋ ಸಲ ಅಚ್ಚು ಹಾಕಿದ್ದೀರಿ, ಮತ್ತೆ ವಿವರಿಸುವುದಿಲ್ಲ.

ಪ್ರವಾಸಿಗರು ಬರಲಿ, ಸೇತುವೆ ಹಿಂದೆಯೇ ಬರುತ್ತದೆ ಎನ್ನುವ ಜಾಣರಿದ್ದಾರೆ. ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಭಕ್ತರು ಇಲ್ಲಿನ ಕೃಷ್ಣಾ ನಡುಗಡ್ಡೆಗೆ ತಲೆಮಾರುಗಳಿಂದ ಬರುತ್ತಲೇ ಇದ್ದಾರಲ್ಲ, ಅವರ ಹಿಂದೆ ಏನು ಬಂತು? ವಿರೂಪಾಪುರ ಗಡ್ಡೆಯ ಲೆಕ್ಕವನ್ನೂ ನೋಡೋಣ. ಹಂಪಿಯಿಂದ ಅಲ್ಲಿಗೆ ದಾಟಲು ವಿದೇಶಿಯರಿಗೂ ದೋಣಿಯೇ ಗತಿಯಾಗಿತ್ತು. ಪಕ್ಕದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಹೊಳೆಯ ಮೇಲೆ ಏಳದ ಕಟ್ಟಡಗಳೆಲ್ಲ ಗಡ್ಡೆಯ ಮೇಲೆ ರೆಸಾರ್ಟುಗಳಾಗಿ ಎದ್ದವು. ಹಂಪಿ ಪ್ರಾಧಿಕಾರದ ಕಾಯ್ದೆ 2002ರಲ್ಲೇ ಬಂದಿದ್ದರೂ ಅಧಿಕಾರಿಗಳಿಗೆ ಪೂರ್ತಿ ಎಚ್ಚರವಾದದ್ದು 2020ರ ಫೆಬ್ರುವರಿಯಲ್ಲಿ, ಅದೂ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ. ಮಾರ್ಚ್‌ನಲ್ಲಿ ರೆಸಾರ್ಟುಗಳನ್ನು ಕೆಡವಲು ಜೆಸಿಬಿಗಳು ಬಂದವು. ಮಾಲೀಕರು ಬೇರೆ ಕಡೆ ಬಂಡವಾಳ ಹೂಡಿಕೊಳ್ಳಬಹುದು. ಅಲ್ಲಿ ಅಡುಗೆ ಮಾಡುತ್ತಿದ್ದವರು, ಪಾತ್ರೆ ತೊಳೆಯುತ್ತಿದ್ದವರು ಎಲ್ಲಿಗೆ ಹೋಗಬೇಕಿತ್ತು? ಈ ಮಾದರಿಯನ್ನೇ ನಮಗೂ ತರಬೇಕೆ?

2019ರ ಆಗಸ್ಟ್ ನೆರೆಯಲ್ಲಿ ಆ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರಿಗಾಗಿ ಹೆಲಿಕಾಪ್ಟರ್ ಹಾರಿತು. ಹಾರಲೇಬೇಕಿತ್ತು, ಜೀವ ಎಲ್ಲರದೂ ಜೀವವೇ. ಅದೇ ನೆರೆಯಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಹಿರೇರಾಯನಕುಂಪಿಯಲ್ಲಿ ಒಬ್ಬ ಬಾಲಕ ನೀರಿನಡಿ ಕಾಣದ ಸೇತುವೆಯ ಮೇಲೆ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಕೊಟ್ಟು ಕೈತೊಳೆದುಕೊಂಡರು. ದಾರಿ ತೋರಿಸಲು ಶಾಲೆಯ ಹುಡುಗನೇ ನೀರಿಗಿಳಿಯಬೇಕಾಯಿತಲ್ಲ ಎಂದು ಯಾವ ಇಲಾಖೆಯೂ ನಾಚಿದಂತೆ ಕಾಣಲಿಲ್ಲ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ನಿಮ್ಮ ಪುರವಣಿಗೆ ರಾಯಚೂರು ಎಂದರೆ ಮಂತ್ರಾಲಯಕ್ಕೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕಾಣುವ ಬಿಸಿಲು, ಅಷ್ಟೇ. ನಗರದ ಕೋಟೆಯಲ್ಲಿ 1294ರ ಶಾಸನವಿರುವ ಭಾರೀ ಬಂಡೆಯಿದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಗುಡಿಗಳ ಸಾಲಿದೆ, ಮಾನ್ವಿ ಜಗನ್ನಾಥದಾಸರ ಊರು, ಅದರ ಹತ್ತಿರದಲ್ಲೇ ತುಂಗಭದ್ರೆಯ ದಡಕ್ಕೆ ವಿಜಯದಾಸರ ಚೀಕಲಪರ್ವಿ. ಇವು ಯಾವುವೂ ನೆನಪಾಗದ ನಿಮ್ಮ ಲೇಖಕರಿಗೆ ನಡುಗಡ್ಡೆ ಮಾತ್ರ ನೆನಪಾಯಿತು, ಅದೂ ಬಾಲಿಯ ಕನ್ನಡಕದಲ್ಲಿ.

ಬಾಲಿಯವರು ಪ್ರವಾಸಿಗರಿಂದಲೇ ಬದುಕುತ್ತಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಲಿ. ಬಾಲಿಯೇ 2024ರಿಂದ ವಿದೇಶಿ ಪ್ರವಾಸಿಗರಿಂದ ತಲಾ 1.5 ಲಕ್ಷ ಇಂಡೊನೇಷ್ಯಾ ರುಪಿಯಾ ಶುಲ್ಕ ವಸೂಲು ಮಾಡುತ್ತಿದೆ. ಹೊರೆ ಹೆಚ್ಚಾಗದೆ ಯಾರಾದರೂ ಬಾಗಿಲಲ್ಲಿ ಚೀಟಿ ಹರಿಯುತ್ತಾರೆಯೇ? ಫಿಲಿಪ್ಪೀನ್ಸ್ ತನ್ನ ಹೆಸರಾಂತ ಬೊರಾಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಮುಚ್ಚಿತು, ಚರಂಡಿ ನೀರು ಸಮುದ್ರಕ್ಕೆ ಸೇರುತ್ತಿತ್ತೆಂದು. ಅವರ ಚರಂಡಿ ಸೇರಿದ್ದು ಸಮುದ್ರಕ್ಕೆ, ಇಲ್ಲಿ ಸೇರುವುದು ಜನ ಕುಡಿಯುವ ಹೊಳೆಗೆ. 2022ರಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತ ನಗರ ರಾಯಚೂರು. ಇರುವ ಊರಿಗೇ ಶುದ್ಧ ನೀರು ಕೊಡಲಾಗದ ಆಡಳಿತ ನಡುಗಡ್ಡೆಯ ರೆಸಾರ್ಟುಗಳ ಶೌಚಗುಂಡಿ ಕಾಯುತ್ತದೆಂದು ನಂಬಬೇಕೆ?

ಆ ಲೇಖಕರನ್ನೇ, ಬೇಕಾದರೆ ಅವರ ಗೆಳೆಯರನ್ನೂ ಸೇರಿಸಿ, ಮಳೆಗಾಲದಲ್ಲಿ ನಡುಗಡ್ಡೆಗೆ ದಾಟುವ ಆತ್ಕೂರಿನ ದಡಕ್ಕೆ ಕಳಿಸಿ. ಸೇತುವೆ ಎಲ್ಲಿಗೆ ಬಂದಿದೆ, ಕೆಲಸ ನಿಂತದ್ದು ಏಕೆ, ಹೆರಿಗೆ ನೋವು ಬಂದವರನ್ನು ದಾಟಿಸುವುದು ಹೇಗೆ ಎಂದು ಕೇಳಿಕೊಂಡು ಬರಲಿ. ಆ ವರದಿಯನ್ನೂ ಪುರವಣಿಯ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಬಣ್ಣದ ಚಿತ್ರದೊಂದಿಗೆ ಪ್ರಕಟಿಸಿ.

– ಓದುಗ, ರಾಯಚೂರು